ಬ್ರಾಹ್ಮಿ, ಒಂದೆಲಗ ಮತ್ತು ನೆನಪಿನ ಶಕ್ತಿ

ನೆನಪಿನ ಶಕ್ತಿಗೆಂದು ಮಾರಾಟವಾಗುವ ಗಿಡಮೂಲಿಕೆಗಳಲ್ಲಿ ಮೊದಲ ಹೆಸರು ಬ್ರಾಹ್ಮಿಯದು. ಆ ಹೆಸರಿನಲ್ಲಿ ಎರಡು ಗಿಡಗಳು ಬಳಕೆಯಲ್ಲಿವೆ. ಒಂದು, ಜೌಗುನೆಲದಲ್ಲಿ ಹಬ್ಬುವ, ದಪ್ಪನೆಯ ಪುಟ್ಟ ಎಲೆಗಳ ನೀರುಬ್ರಾಹ್ಮಿ. ಇನ್ನೊಂದು, ತೊಟ್ಟಿಗೊಂದೇ ದುಂಡನೆಯ ಎಲೆ ಬಿಡುವ ಒಂದೆಲಗ, ತುಳುವರ ತಿಮರೆ. ಚರಕಸಂಹಿತೆ ಹೇಳುವ ನಾಲ್ಕು ಮೇಧ್ಯ (ಬುದ್ಧಿವರ್ಧಕ) ರಸಾಯನಗಳಲ್ಲಿ ಮಂಡೂಕಪರ್ಣಿಯ ರಸವೂ ಸೇರಿದೆ. ಮಂಡೂಕಪರ್ಣಿ ಎಂದರೆ ಒಂದೆಲಗವೆಂದೇ ಹೆಚ್ಚಿನ ವೈದ್ಯರ ಅಭಿಪ್ರಾಯ. ಆಧುನಿಕ ಪ್ರಯೋಗಗಳು ನಡೆದಿರುವುದಾದರೋ ಹೆಚ್ಚಾಗಿ ನೀರುಬ್ರಾಹ್ಮಿಯ ಮೇಲೆ. ಒಂದರ ಮೇಲಿನ ಫಲಿತಾಂಶವನ್ನು ಇನ್ನೊಂದರ ಗುಣವೆಂದು ಹೇಳಿ ಮಾರುವುದು ಸರಿಯಲ್ಲ.

ನೀರುಬ್ರಾಹ್ಮಿಯನ್ನು ದೀರ್ಘಕಾಲ ಅಭ್ಯಾಸ ಮಾಡಿದ್ದು ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ. ಗಿಡದಲ್ಲಿರುವ ಬಕೋಸೈಡ್ ಎಂಬ ಅಂಶಗಳತ್ತ ಅಲ್ಲಿನ ಕೆಲಸ ಗಮನ ಸೆಳೆಯಿತು. ಮನುಷ್ಯರ ಮೇಲೆ ನಡೆದ ಪ್ರಯೋಗಗಳಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದು 2002ರಲ್ಲಿ ಪ್ರಕಟವಾದದ್ದನ್ನು ಹತ್ತಿರದಿಂದ ನೋಡಬೇಕು. 40ರಿಂದ 65 ವರ್ಷದೊಳಗಿನ 76 ಮಂದಿಯಲ್ಲಿ ಕೆಲವರಿಗೆ ಬ್ರಾಹ್ಮಿಯನ್ನೂ ಉಳಿದವರಿಗೆ ಹುಸಿಮಾತ್ರೆಯನ್ನೂ ಕೊಡಲಾಯಿತು. ಯಾರಿಗೆ ಯಾವುದೆಂದು ತೆಗೆದುಕೊಂಡವರಿಗೂ ಪರೀಕ್ಷಿಸಿದವರಿಗೂ ತಿಳಿಸಿರಲಿಲ್ಲ. ಮೂರು ತಿಂಗಳ ನಂತರ ನೋಡಿದಾಗ, ಹೊಸದಾಗಿ ಕಲಿತ ಜೋಡಿಪದಗಳನ್ನು ಸ್ವಲ್ಪ ಹೊತ್ತು ಬಿಟ್ಟು ನೆನಪಿಸಿಕೊಳ್ಳುವುದರಲ್ಲಿ ಬ್ರಾಹ್ಮಿ ತೆಗೆದುಕೊಂಡವರು ಮುಂದಿದ್ದರು. ಆದರೆ ಕಲಿಯುವ ವೇಗ ಹೆಚ್ಚಿರಲಿಲ್ಲ. ಗಮನದ ಪರೀಕ್ಷೆಗಳಲ್ಲೂ ವ್ಯತ್ಯಾಸ ಕಾಣಲಿಲ್ಲ. ಕಲಿತದ್ದು ಮರೆತುಹೋಗುವುದನ್ನು ಬ್ರಾಹ್ಮಿ ಕೊಂಚ ತಡೆಯಬಹುದು ಎಂಬುದಷ್ಟೇ ಅಲ್ಲಿ ಸಿಕ್ಕ ಉತ್ತರ. ಮುಂದೆ 2014ರಲ್ಲಿ 518 ಮಂದಿಯ ಒಂಬತ್ತು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಗೆ ಗಮನದ ವೇಗದಲ್ಲಿ ಸುಧಾರಣೆ ಕಂಡಿತು. ಎರಡೂ ಒಂದೇ ಮಾತು ಹೇಳುವುದಿಲ್ಲ. ಒಂಬತ್ತು ಪ್ರಯೋಗ ಸೇರಿಸಿದರೂ ಐನೂರು ಚಿಲ್ಲರೆ ಮಂದಿಯಷ್ಟೇ ಸಿಗುವ ಕ್ಷೇತ್ರದಲ್ಲಿ ಖಚಿತ ತೀರ್ಮಾನಕ್ಕೆ ಇನ್ನೂ ಕಾಲ ಬೇಕು.

ಈ ಹಿನ್ನೆಲೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿಗಾಗಿ ಬರುವ ಸಿರಪ್ಪುಗಳ ಜಾಹೀರಾತು ಒಪ್ಪುವಂಥದ್ದಲ್ಲ. 2002ರ ಪ್ರಯೋಗದಲ್ಲಿದ್ದವರು ನಡುವಯಸ್ಸಿನವರು, ಹದಿನೈದು ಹದಿನಾರರ ವಿದ್ಯಾರ್ಥಿಗಳಲ್ಲ. ಫಲ ಕಂಡದ್ದು ಮೂರು ತಿಂಗಳ ಬಳಿಕ. ಫೆಬ್ರವರಿಯಲ್ಲಿ ಬಾಟಲಿ ತಂದು ಮಾರ್ಚಿನಲ್ಲಿ ಅಂಕ ನಿರೀಕ್ಷಿಸುವುದಕ್ಕೆ ಇದರಲ್ಲಿ ಆಧಾರವಿಲ್ಲ. ವಾಕರಿಕೆ, ಹೊಟ್ಟೆನುಲಿತ, ಭೇದಿಯಂಥ ತೊಂದರೆಗಳೂ ಬ್ರಾಹ್ಮಿ ಸೇವಿಸಿದವರಲ್ಲಿ ಕಂಡಿವೆ. ಪರೀಕ್ಷೆಯ ದಿನಗಳಲ್ಲಿ ಅವು ಸಣ್ಣವೇನಲ್ಲ.

ನೆನಪಿಗೆಂದೇ ಮಾರಾಟವಾಗುವ ಇನ್ನೊಂದು ಗಿಡಮೂಲಿಕೆ ಶಂಖಪುಷ್ಪಿಯ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಫಿನಿಟಾಯಿನ್ ಎಂಬ ಅಪಸ್ಮಾರದ ಮಾತ್ರೆ ತೆಗೆದುಕೊಳ್ಳುತ್ತಿದ್ದ ಇಬ್ಬರಿಗೆ ಹತೋಟಿಯಲ್ಲಿದ್ದ ಫಿಟ್ಸ್ ಶಂಖಪುಷ್ಪಿ ಸಿರಪ್ ಶುರು ಮಾಡಿದ ಮೇಲೆ ಮರುಕಳಿಸಿದ ಸಂಗತಿ 1992ರಲ್ಲಿ ವರದಿಯಾಯಿತು. ರಕ್ತದಲ್ಲಿ ಫಿನಿಟಾಯಿನ್ ಪ್ರಮಾಣವನ್ನು ಸಿರಪ್ ತಗ್ಗಿಸುವುದು ಇಲಿಗಳ ಮೇಲಿನ ಪ್ರಯೋಗದಲ್ಲೂ ಕಂಡಿತು. ಗಿಡದ್ದಾದ್ದರಿಂದ ತೊಂದರೆಯಿಲ್ಲ ಎಂದು ವೈದ್ಯರಿಂದ ಮುಚ್ಚಿಟ್ಟರೆ ಇಂಥ ಅಪಾಯ ಗೊತ್ತಾಗುವುದೇ ಇಲ್ಲ.

ನೆನಪಿಗೆಂದು ವಿದೇಶದಲ್ಲಿ ಬಹಳ ಹೆಸರು ಮಾಡಿದ ಗಿಂಕ್ಗೊ ಎಂಬ ಮೂಲಿಕೆ ದೊಡ್ಡ ಪರೀಕ್ಷೆಯಲ್ಲಿ ಸೋತಿತು. ಅಮೆರಿಕದಲ್ಲಿ 75 ದಾಟಿದ 3069 ಮಂದಿಯ ಮೇಲೆ ಸರಾಸರಿ ಆರು ವರ್ಷ ನಡೆದ ಪ್ರಯೋಗದ ಫಲಿತಾಂಶ 2008ರಲ್ಲಿ ಬಂತು: ದಿನಕ್ಕೆರಡು ಬಾರಿ 120 ಮಿಲಿಗ್ರಾಂ ತೆಗೆದುಕೊಂಡವರಲ್ಲೂ ಮರೆವಿನ ಕಾಯಿಲೆ ಕಡಿಮೆಯಾಗಲಿಲ್ಲ.

ಶುದ್ಧತೆಯ ಪ್ರಶ್ನೆಯೂ ಇದೆ. ಅಮೆರಿಕದ ಸಂಶೋಧಕರು ಅಂತರ್ಜಾಲದಲ್ಲಿ ಕೊಂಡ 193 ಆಯುರ್ವೇದ ಉತ್ಪನ್ನಗಳಲ್ಲಿ ಐದರಲ್ಲೊಂದರಷ್ಟರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿದ್ದು 2008ರಲ್ಲೇ ಪ್ರಕಟವಾಯಿತು. ಬೆಳೆಯುವ ಮಕ್ಕಳ ಮಿದುಳಿಗೆ ಸೀಸ ನೇರ ಶತ್ರು.

ಕರಾವಳಿ, ಮಲೆನಾಡಿನ ಮನೆಗಳಲ್ಲಿ ಒಂದೆಲಗವನ್ನು ಜೀರಿಗೆ, ಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿಯೊಡನೆ ರುಬ್ಬಿ, ಮಜ್ಜಿಗೆ ಬೆರೆಸಿ ಮಾಡುವ ತಂಬುಳಿಗೆ ಈ ಆಕ್ಷೇಪಗಳು ತಾಗುವುದಿಲ್ಲ; ಅದು ಊಟ, ಒಳ್ಳೆಯ ಊಟ. ಮಾತ್ರೆ, ಸಿರಪ್ಪುಗಳ ಮಾತು ಬೇರೆ. ನೀರುಬ್ರಾಹ್ಮಿಯ ಸತ್ವವನ್ನು ವಯಸ್ಕರು ವೈದ್ಯರ ಸಲಹೆಯಂತೆ ಕೆಲವು ತಿಂಗಳು ತೆಗೆದುಕೊಂಡರೆ ಅಲ್ಪ ಪ್ರಯೋಜನ ಸಿಕ್ಕೀತು. ಮಕ್ಕಳಿಗೆ ಬಾಟಲಿ ಕೊಳ್ಳುವ ಮೊದಲು ತಂದೆತಾಯಿಗಳು ಅವರ ನಿದ್ದೆಯ ಗಂಟೆಗಳನ್ನು ಲೆಕ್ಕ ಹಾಕಲಿ, ರಕ್ತಹೀನತೆ ಇದೆಯೇ ಎಂದು ಪರೀಕ್ಷೆ ಮಾಡಿಸಲಿ.