ಪಕ್ಕದ ಮನೆಯ ಲಿನಕ್ಸ್

ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಹೋಗಲಿ, ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಅದಕ್ಕೆ ಟಿಪಿಎಂ 2.0 ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಇದ್ದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದೋ ಅದರ ಈಚಿನದೋ ಆಗಬೇಕು. ಹಗರಿಬೊಮ್ಮನಹಳ್ಳಿಯ ಜೆರಾಕ್ಸ್ ಅಂಗಡಿಯಲ್ಲಿ, ಮೇಷ್ಟ್ರ ಮನೆಯಲ್ಲಿ, ಡಿಗ್ರಿ ಓದುವ ಹುಡುಗಿಯ ಬ್ಯಾಗಿನಲ್ಲಿ ಇರುವ ಎಷ್ಟೋ ಯಂತ್ರಗಳು ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಯಂತ್ರ ಮಾತ್ರ ಗಟ್ಟಿಯಾಗಿದೆ. ನಾಲ್ಕು ಜಿಬಿ ರ‍್ಯಾಮ್ ಇದ್ದರೂ ವಿಂಡೋಸ್‌ಗೆ ಬದಲಿಯಾದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಅದರಲ್ಲಿ ಸಲೀಸಾಗಿ ಓಡುತ್ತದೆ. ಹಾಗಾಗಿ 'ಲಿನಕ್ಸ್ ಹಾಕಿಕೊಡುವ' ಕೆಲಸ ಇವತ್ತು ಬರೀ ಹವ್ಯಾಸಿಗಳ ಕೆಲಸವಲ್ಲ, ಊರಿಗೆ ಬೇಕಾದ ಕೆಲಸ. ಆದರೆ ಅದನ್ನು ನಾವು ಮಾಡುತ್ತಿರುವ ರೀತಿ ಸರಿಯಿಲ್ಲ.

ನಮ್ಮ ಕಡೆ ಲಿನಕ್ಸ್ ಬರುವುದು ಹಬ್ಬದ ರಜೆಯಲ್ಲಿ. ಬೆಂಗಳೂರಿನಲ್ಲೋ ದಾವಣಗೆರೆಯಲ್ಲೋ ಎಂಜಿನಿಯರಿಂಗ್ ಓದುವ ಹುಡುಗ ದೀಪಾವಳಿಗೆಂದು ಊರಿಗೆ ಬರುತ್ತಾನೆ. ಮಾಮನ ಲ್ಯಾಪ್‌ಟಾಪ್ ತೆವಳುವುದನ್ನು ನೋಡಲಾರದೆ ಪೆನ್‌ಡ್ರೈವ್ ಚುಚ್ಚುತ್ತಾನೆ. ಮಾಮ ಹೊಲದ ಕಡೆ ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. 'ಈಗ ನೋಡು ಮಾಮ, ಹೆಂಗ ಓಡ್ತೈತಿ' ಅನ್ನುತ್ತಾನೆ. ಓಡುವುದು ನಿಜ. ಹುಡುಗ ಸೋಮವಾರ ಬಸ್ ಹತ್ತುತ್ತಾನೆ. ಬುಧವಾರ ಅಪ್‌ಡೇಟ್ ಆಗಿ ವೈಫೈ ಮಾಯವಾದರೆ ಮಾಮ ಯಾರನ್ನು ಕೇಳಬೇಕು? ಬಸ್‌ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಗೆ ಹೋದರೆ ಅವರಿಗೆ ಗೊತ್ತಿರುವ ಮದ್ದು ಒಂದೇ: ಫಾರ್ಮ್ಯಾಟ್ ಮಾಡಿ ಕಳ್ಳ ವಿಂಡೋಸ್ ಹಾಕುವುದು. ಹುಡುಗನ ಕಾಳಜಿ ದೊಡ್ಡದು, ಆ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಇನ್‌ಸ್ಟಾಲ್ ಮುಗಿದ ಗಳಿಗೆಗೆ ಸಹಾಯವೂ ಮುಗಿಯಿತು ಎಂದುಕೊಂಡಿದ್ದರಲ್ಲೇ ಅದು ಸೋತಿತು.

ಮೊದಲ ತಪ್ಪು ಆಯ್ಕೆಯ ಹೊತ್ತಿನಲ್ಲೇ ಆಗುತ್ತದೆ. ಹೊಸಬರು 'ಯಾವುದು ಒಳ್ಳೇದು?' ಎಂದು ಕೇಳಿದರೆ ಬಲ್ಲವರು ಉಬುಂಟು, ಫೆಡೋರಾ, ಡೆಬಿಯನ್, ಮಿಂಟ್, ಆರ್ಚ್ ಎಂದು ಲಿನಕ್ಸ್ ಬಗೆಗಳ ಸಂತೆಯನ್ನೇ ಹರಡುತ್ತಾರೆ. ತಮಗೆ ಹಿಡಿಸಿದ್ದನ್ನು ಎಲ್ಲರಿಗೂ ಹಿಡಿಸಬೇಕು ಎನ್ನುವ ಹಟವೂ ಅದರಲ್ಲಿ ಸೇರಿಕೊಳ್ಳುತ್ತದೆ. ಈ ವೈವಿಧ್ಯ ಲಿನಕ್ಸ್ ಲೋಕದ ಸಂಪತ್ತು, ಒಪ್ಪುತ್ತೇನೆ. ಹೊಸಬರ ಪಾಲಿಗೆ ಅದು ಹೊರೆ. ಕೂಡ್ಲಿಗಿಯಲ್ಲೋ ಕೊಟ್ಟೂರಿನಲ್ಲೋ ಇರುವವರಿಗೆ ಯಾವುದು ಒಳ್ಳೆಯದು ಎಂದು ನನ್ನನ್ನು ಕೇಳಿದರೆ, ಅವರ ಓಣಿಯಲ್ಲಿ ಈಗಾಗಲೇ ಯಾರ ಮನೆಯಲ್ಲಿ ಯಾವುದಿದೆಯೋ ಅದೇ ಎನ್ನುತ್ತೇನೆ. ತೊಂದರೆಯಾದಾಗ ಎದ್ದು ಹೋಗಿ ಕೇಳಲು ಒಂದು ಬಾಗಿಲು ಇರಬೇಕು.

ಇದು ಬರೀ ಬಾಯಿಮಾತಲ್ಲ ಎನ್ನುವುದಕ್ಕೆ ಕನ್ನಡದ್ದೇ ಸಾಕ್ಷಿಯಿದೆ, ಕೇರಳದ ಕಾಸರಗೋಡಿನಲ್ಲಿ. ಕೇರಳ ಸರ್ಕಾರ 2001ರಲ್ಲಿ ಶುರುಮಾಡಿದ ಐಟಿ@ಸ್ಕೂಲ್ ಯೋಜನೆ ಕೆಲವೇ ವರ್ಷಗಳಲ್ಲಿ ಪೂರ್ತಿ ಸ್ವತಂತ್ರ ತಂತ್ರಾಂಶಕ್ಕೆ ಹೊರಳಿತು. 2017ರಲ್ಲಿ ಅದೇ 'ಕೈಟ್' ಎಂಬ ಸಂಸ್ಥೆಯಾಯಿತು. ಶಾಲೆಗಳಿಗೆಲ್ಲ ಒಂದೇ ಲಿನಕ್ಸ್, ಅದನ್ನು ಕಲಿಸಲು ಜಿಲ್ಲೆಯಲ್ಲೇ ತರಬೇತಾದ ಮೇಷ್ಟ್ರುಗಳು. ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯವೂ ಕನ್ನಡದಲ್ಲೇ ಅಚ್ಚಾಗಿ ಬರುತ್ತದೆ. ಅಲ್ಲಿನ ಮಗುವಿಗೆ ಯಾವ ಲಿನಕ್ಸ್ ಎಂಬ ಪ್ರಶ್ನೆಯೇ ಏಳುವುದಿಲ್ಲ. ಒಬ್ಬರಿಗೆ ಬಂದ ತೊಂದರೆ ಇನ್ನೊಬ್ಬರಿಗೂ ಬಂದಿರುತ್ತದೆ, ಪರಿಹಾರ ಪಕ್ಕದ ಬೆಂಚಿನಲ್ಲೇ ಸಿಗುತ್ತದೆ.

ಕರ್ನಾಟಕವೂ ಇತ್ತ ಹೆಜ್ಜೆ ಇಟ್ಟಿತ್ತು. 2011ರ ಹೊತ್ತಿಗೆ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆ ಹೈಸ್ಕೂಲ್ ಮೇಷ್ಟ್ರುಗಳನ್ನು ಉಬುಂಟು ಮುಂದೆ ಕೂರಿಸಿತು. ಗಣಿತದವರು ಜಿಯೋಜೀಬ್ರಾ ತಂತ್ರಾಂಶ ಕಲಿತರು. ಒಳ್ಳೆಯ ಕೆಲಸ, ಮರೆಯಬಾರದ್ದು. ಆದರೆ ಆ ಕಲಿಕೆ ಶಾಲೆಯ ಗೇಟು ದಾಟಿ ಊರಿನ ಅಂಗಡಿಗೆ, ಮನೆಗೆ ಬರಲಿಲ್ಲ.

ಅಂಗಡಿಯವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: 'ಇದ್ರಾಗ ನುಡಿ ಐತೇನ್ರಿ?' ಸಹಾಯಕ್ಕೆ ಬಂದವರಲ್ಲಿ ಹೆಚ್ಚಿನವರು ಇಲ್ಲಿ ತಡವರಿಸುತ್ತಾರೆ, ಏಕೆಂದರೆ ಅವರು ಟೈಪ್ ಮಾಡುವುದು ಇಂಗ್ಲಿಷಿನಲ್ಲಿ. ಉತ್ತರ ಕಷ್ಟದ್ದಲ್ಲ. ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ವಿಂಡೋಸ್‌ನದು. ಆದರೆ ಬೆರಳಿಗೆ ರೂಢಿಯಾದ ಆ ಕೀಲಿಮಣೆ, ಕೆ.ಪಿ. ರಾವ್ ಅವರ ವಿನ್ಯಾಸ, ಲಿನಕ್ಸ್‌ನಲ್ಲಿ ಮೊದಲೇ ಕೂತಿದೆ. ಮಿಂಟ್‌ನ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಲೇಔಟ್ ಸೇರಿಸುವ ಕಡೆ ಕನ್ನಡ ಕಗಪ ಎಂದು ಆರಿಸಿಕೊಂಡರಾಯಿತು. ಕೆ, ಎಫ್, ಕೆ ಒತ್ತಿದರೆ 'ಕ್ಕ' ಮೂಡುತ್ತದೆ. ಅದನ್ನು ಕಂಡಾಗ ಅರ್ಜಿ ಬರೆಯುವವರ ಮುಖದಲ್ಲಿ ಬರುವ ಧೈರ್ಯವನ್ನು ಯಾವ ಡೆಸ್ಕ್‌ಟಾಪ್ ಚಂದವೂ ತರಲಾರದು.

ಹಳೆಯ ಕಡತಗಳದ್ದು ಬೇರೆ ಕಥೆ. ನುಡಿಯ ಹಳೆಯ ಫಾಂಟುಗಳಲ್ಲಿ ಬರೆದ ದಾಖಲೆ ಒಳಗೆ ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಆಕಾರ ತೊಡಿಸಿದ್ದು. ಫಾಂಟ್ ಇಲ್ಲದ ಲಿನಕ್ಸ್‌ನಲ್ಲಿ ಲಿಬ್ರೆ ಆಫೀಸ್ ಅದನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ಗುರುತುಗಳ ಸಾಲು. ವಿಂಡೋಸ್ ಅಳಿಸುವ ಮುಂಚೆ ಅದರ ಫಾಂಟ್ ಫೋಲ್ಡರಿನಿಂದ ನುಡಿಯ ಫಾಂಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡಿದ್ದರೆ, ಲಿನಕ್ಸ್‌ನಲ್ಲಿ ಅವುಗಳ ಮೇಲೆ ಎರಡು ಸಲ ಕ್ಲಿಕ್ ಮಾಡಿ ಸ್ಥಾಪಿಸಬಹುದು. ಆಮೇಲೆ ಅರವಿಂದ ವಿ.ಕೆ. ರೂಪಿಸಿದಂಥ ಪರಿವರ್ತಕದಿಂದ ನಿಧಾನವಾಗಿ ಯೂನಿಕೋಡಿಗೆ ತಂದುಕೊಳ್ಳಬಹುದು. ಐದು ನಿಮಿಷದ ಈ ಕೆಲಸ ಬಿಟ್ಟುಹೋದರೆ ಹತ್ತು ವರ್ಷದ ಅರ್ಜಿ, ಕರಾರುಪತ್ರಗಳನ್ನು ಆ ಯಂತ್ರದಲ್ಲಿ ಹಾಗೇ ಓದಲಾಗುವುದಿಲ್ಲ. ಇನ್‌ಸ್ಟಾಲ್ ಕೈಪಿಡಿಗಳಲ್ಲಿ ಈ ಮಾತು ಕಾಣಸಿಗದು, ಕನ್ನಡ ಬಲ್ಲವರೇ ಹೇಳಬೇಕು.

ಮೆನುಗಳ ವಿಷಯದಲ್ಲಿ ನನ್ನ ಮಾತು ಕೆಲವರಿಗೆ ರುಚಿಸಲಿಕ್ಕಿಲ್ಲ. ಸ್ವಯಂಸೇವಕರು ವರ್ಷಗಟ್ಟಲೆ ದುಡಿದು ಡೆಸ್ಕ್‌ಟಾಪ್‌ಗಳನ್ನು ಕನ್ನಡಕ್ಕೆ ತಂದಿದ್ದಾರೆ, ಅವರ ಋಣ ದೊಡ್ಡದು. ಆದರೂ ಅನುವಾದ ಅಲ್ಲಲ್ಲಿ ಅರ್ಧಕ್ಕೆ ನಿಂತಿದೆ. ಒಂದು ಸಾಲು ಕನ್ನಡ, ಮುಂದಿನದು ಇಂಗ್ಲಿಷ್, ದೋಷದ ಸಂದೇಶವಂತೂ ಇಂಗ್ಲಿಷಿನಲ್ಲೇ. ಅನುವಾದ ಪೂರ್ಣವಾಗುವವರೆಗೆ ಹೊಸಬರಿಗೆ ಮೆನು ಇಂಗ್ಲಿಷಿನಲ್ಲಿರಲಿ, ಬರವಣಿಗೆ ಕನ್ನಡದಲ್ಲಿರಲಿ.

ಎರಡನೆಯ ಪ್ರಶ್ನೆ ಪ್ರಿಂಟರ್. ನಮ್ಮ ಕಡೆಯ ಅಂಗಡಿ, ಕಚೇರಿಗಳಲ್ಲಿ ಪದೇ ಪದೇ ಕಣ್ಣಿಗೆ ಬೀಳುವುದು ಕ್ಯಾನನ್ ಎಲ್‌ಬಿಪಿ 2900 ಮತ್ತು ಎಚ್‌ಪಿ 1020. ಕ್ಯಾನನ್‌ನದು ತನ್ನದೇ ಭಾಷೆ, ಲಿನಕ್ಸ್ ಡ್ರೈವರ್ ಹಳೆಯದು, ಕೈಕೊಡುವುದೇ ಹೆಚ್ಚು. ಎಚ್‌ಪಿ 1020 ಆನ್ ಮಾಡಿದಾಗೆಲ್ಲ ಕಂಪ್ಯೂಟರಿನಿಂದ ಫರ್ಮ್‌ವೇರ್ ಪಡೆಯಬೇಕು, ಅದಕ್ಕೆ ಎಚ್‌ಪಿಯ ಲಿನಕ್ಸ್ ಡ್ರೈವರ್ ಆದ ಎಚ್‌ಪಿಲಿಪ್‌ನ ಪ್ಲಗಿನ್ ಬೇಕು. ಹಾಕಿದರೆ ಕೆಲಸ ಮಾಡುತ್ತದೆ, ಹಾಕದಿದ್ದರೆ ಒಂದು ಹಾಳೆಯೂ ಹೊರಬರದು. ಆದ್ದರಿಂದ ಅಳಿಸುವ ಮೊದಲು ಪೆನ್‌ಡ್ರೈವಿನಿಂದಲೇ ಲೈವ್ ಆಗಿ ಓಡಿಸಿ, ಅವರದೇ ಪ್ರಿಂಟರಿನಲ್ಲಿ ಅವರದೇ ಒಂದು ಪಹಣಿ ತೆಗೆದು ತೋರಿಸಬೇಕು. ವೈಫೈ ಹಿಡಿಯದಿದ್ದರೆ ಫೋನನ್ನು ಕೇಬಲ್‌ನಲ್ಲಿ ಚುಚ್ಚಿ ಯುಎಸ್‌ಬಿ ಟೆದರಿಂಗ್ ಒತ್ತಿದರೆ ಇಂಟರ್ನೆಟ್ ಬರುತ್ತದೆ, ಡ್ರೈವರ್ ಇಳಿಸಿಕೊಳ್ಳಲು ಅಷ್ಟು ಸಾಕು. ವಿಂಡೋಸ್ ಜೊತೆಗೇ ಇರಲಿ ಎಂದರೆ ಡಿಸ್ಕಿನ ಬೀಗ ತೆಗೆಯುವ ಬಿಟ್‌ಲಾಕರ್ ಕೀ ಮೊದಲೇ ಬರೆದಿಟ್ಟುಕೊಳ್ಳಬೇಕು. ವಿಂಡೋಸ್‌ನ ಗಡಿಯಾರ ಐದೂವರೆ ಗಂಟೆ ಹಿಂದೆ ಹೋದರೆ ಗಾಬರಿ ಬೇಡ: ಯಂತ್ರದ ಒಳ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ.

ಕೆಲವರಿಗೆ 'ನಿಮಗೆ ಇದು ಬೇಡ' ಎನ್ನುವುದೂ ಸಹಾಯವೇ. ದಿನವಿಡೀ ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ಟೆಂಡರ್ ಹಾಕುವ ಗುತ್ತಿಗೆದಾರರು, ಬೆರಳಚ್ಚು ಯಂತ್ರ ಇಟ್ಟುಕೊಂಡ ಸೇವಾ ಕೇಂದ್ರದವರು ವಿಂಡೋಸ್‌ನಲ್ಲೇ ಇರುವುದು ಲೇಸು. ಅವರಿಗೆ ಹಟದಿಂದ ಲಿನಕ್ಸ್ ಹಾಕಿ ಒಂದು ದಿನದ ವ್ಯಾಪಾರ ಕೆಡಿಸಿದರೆ, ಹೆಸರು ಕೆಡುವುದು ಲಿನಕ್ಸ್‌ನದು.

ಉಳಿದವರಿಗೆ ಹಾಕುವಾಗ ಮೌಸ್ ಅವರ ಕೈಯಲ್ಲೇ ಇರಲಿ. ನಾವು ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳೋಣ. ಮಾಡಿದ್ದನ್ನೆಲ್ಲ ಅವರೇ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳಲಿ. ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಎಂಬ ಸಲಕರಣೆಯಿದೆ, ಕೆಟ್ಟ ಅಪ್‌ಡೇಟ್ ಬಂದರೆ ಹಿಂದಿನ ಸ್ಥಿತಿಗೆ ಮರಳಲು. ಹೊರಡುವ ಮುಂಚೆ ಅದನ್ನು ಒಮ್ಮೆ ಅವರ ಕೈಯಿಂದಲೇ ಮಾಡಿಸಬೇಕು. ಇದಕ್ಕೆಲ್ಲ ಒಂದು ಮಧ್ಯಾಹ್ನ ಹೆಚ್ಚಿಗೆ ಹಿಡಿಯುತ್ತದೆ.

ಮಿಂಟ್ 22 ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. ಅಲ್ಲಿಯವರೆಗೂ ಕೇಳಲು ಒಂದು ಬಾಗಿಲು ಬೇಕು. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಈ ಐದೂ ತಾಲ್ಲೂಕುಗಳಲ್ಲಿ ಕಾಲೇಜುಗಳಿವೆ, ಅವುಗಳಲ್ಲಿ ಕಂಪ್ಯೂಟರ್ ಲ್ಯಾಬುಗಳಿವೆ. ಒಂದೊಂದು ಲ್ಯಾಬಿನಲ್ಲಿ ಶನಿವಾರ ಮಧ್ಯಾಹ್ನ ಇಬ್ಬರು ವಿದ್ಯಾರ್ಥಿಗಳು, ಒಂದು ಎಚ್‌ಪಿ 1020 ಮತ್ತು ಎಲ್ಲರಿಗೂ ಒಂದೇ ಮಿಂಟ್ ಇರಲಿ. ಓದು ಮುಗಿಸಿ ಹೋಗುವವರು ಆ ಜಾಗಕ್ಕೆ ಕೆಳಗಿನ ತರಗತಿಯ ಇಬ್ಬರನ್ನು ತಯಾರು ಮಾಡಿ ಹೋಗಲಿ.