ಲೆಫೆವ್ರ್ ಕಂಡ ದಿನಚರಿ ಮತ್ತು ಬೆಳ್ಳೂರು

ಮಾರ್ಕ್ಸ್‌ವಾದಿಗಳು ಕಾರ್ಖಾನೆಯತ್ತಲೇ ಕಣ್ಣಿಟ್ಟಿದ್ದ ಕಾಲದಲ್ಲಿ ಫ್ರಾನ್ಸಿನ ಆನ್ರಿ ಲೆಫೆವ್ರ್ ಅಡುಗೆಮನೆ, ಸಂತೆ, ಬಿಡುವಿನ ವೇಳೆಗಳನ್ನು ತತ್ವಶಾಸ್ತ್ರದ ವಿಷಯವಾಗಿಸಿದರು. ದೈನಂದಿನ ಬದುಕಿನ ವಿಮರ್ಶೆಗೆ ಮೀಸಲಾದ ಅವರ ಮೂರು ಸಂಪುಟಗಳು 1947, 1961 ಮತ್ತು 1981ರಲ್ಲಿ ಬಂದವು. ಒಡೆತನ ಕೈ ಬದಲಿಸಿದರೂ ಜನ ದುಡಿಯುವ, ಉಣ್ಣುವ, ಕೂಡಿ ಬಾಳುವ ರೀತಿ ಹಾಗೆಯೇ ಉಳಿದರೆ ಸಮಾಜ ಬದಲಾಗಿಲ್ಲ ಎಂಬುದು ಅವುಗಳ ತಿರುಳು.

ಕಾಸರಗೋಡಿನ ಬೆಳ್ಳೂರಿನಲ್ಲಿ ಕೂತು ಓದಿದರೆ ಈ ವಾದಕ್ಕೆ ಬಲ ಬರುತ್ತದೆ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ಕೊನೆಗೊಂಡು ಒಕ್ಕಲುಗಳು ಭೂಮಿಯ ಒಡೆಯರಾದರು. ಅದು ದೊಡ್ಡ ಗೆಲುವು. ಆದರೆ ಅದೇ ದಶಕದಲ್ಲಿ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಷನ್ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕವನ್ನು ಸಿಂಪಡಿಸತೊಡಗಿತು. 2000ದವರೆಗೂ ಅದು ನಡೆಯಿತು. ತೋಟಗಳ ಸುತ್ತಲಿನವು ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗ, ತೋಡು, ಕೆರೆಗಳ ನೀರನ್ನೇ ನಂಬಿದ ಊರುಗಳು. ಬಾಧಿತ ಪಂಚಾಯತುಗಳಲ್ಲಿ ಬೆಳ್ಳೂರೂ ಒಂದು. ಬಂಡವಾಳ ಮಾತ್ರವಲ್ಲ, ಪ್ರಭುತ್ವವೂ ಜನರ ದಿನಚರಿಯನ್ನು ವಸಾಹತಾಗಿಸಿಕೊಳ್ಳುತ್ತದೆ ಎಂದು ಲೆಫೆವ್ರ್ ವಾದಿಸಿದ್ದರು. ಖಾಸಗಿ ಸಾಹುಕಾರನಿಲ್ಲದ ತೋಟದಿಂದಲೇ ವಿಷ ಅಂಗಳಕ್ಕಿಳಿದ ಈ ನೆಲದಲ್ಲಿ ಆ ಮಾತು ಅಕ್ಷರಶಃ ನಿಜ.

ದಿನಚರಿಯ ಭಾರ ಹೆಚ್ಚಾಗಿ ಹೆಂಗಸರ ಮೇಲೆ ಬೀಳುತ್ತದೆಂದೂ ಅವರು ಗುರುತಿಸಿದರು. ಇಲ್ಲಿಯೂ ಹಾಗೆಯೇ. 2017ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಆದರೆ ಆ ವಿಷದಿಂದ ಹಾಸಿಗೆ ಹಿಡಿದ ಮಗನಿಗೆ ಬೆಳೆದ ಮೇಲೂ ಉಣಿಸಿ, ಮೀಯಿಸುವ ತಾಯಿಯ ದುಡಿಮೆ ಯಾವ ಪರಿಹಾರದ ಲೆಕ್ಕಕ್ಕೂ ಸಿಗುವಂಥದಲ್ಲ. ಇಷ್ಟು ಕಂಡ ಲೆಫೆವ್ರ್, ಆ ಭಾರ ಹೊತ್ತವರಿಗೇ ಅದನ್ನು ಅರ್ಥಮಾಡಿಕೊಳ್ಳಲಾಗದು ಎಂಬರ್ಥದಲ್ಲಿ 1968ರ ಪುಸ್ತಕದಲ್ಲಿ ಬರೆದದ್ದು ನೋವು ತರುತ್ತದೆ. 1998ರಲ್ಲಿ ಸಿಂಪಡಣೆಯ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದವರು ಪೆರಿಯದ ಲೀಲಾಕುಮಾರಿ ಅಮ್ಮ. ಸೆಕ್ರೆಟೇರಿಯಟ್ ಎದುರು ಮಕ್ಕಳನ್ನು ಎತ್ತಿಕೊಂಡು ಕೂತವರು ತಾಯಂದಿರು. ಅವರಿಗೆ ಅರ್ಥವಾಗಿತ್ತು.

ಹಬ್ಬದ ವಿಚಾರದಲ್ಲಿ ಅವರು ಇನ್ನಷ್ಟು ಎಡವುತ್ತಾರೆ. ಹಳ್ಳಿಯ ಹಬ್ಬದಲ್ಲಿ ದಿನಚರಿಯ ಕಟ್ಟು ಸಡಿಲಿ ಜನ ಒಂದಾಗುತ್ತಾರೆಂದು ಪಿರನೀಸ್ ತಪ್ಪಲಿನ ರೈತರನ್ನು ಬಲ್ಲ ಲೆಫೆವ್ರ್ ನಂಬಿದ್ದರು. ನಮ್ಮ ತುಳುನಾಡಿನ ಭೂತಕೋಲವನ್ನು ನೋಡಿ. ಭೂತ ಕಟ್ಟುವ ನಲಿಕೆ ಇಲ್ಲವೇ ಪರವ ಜಾತಿಯವರು ಅಣಿ ಕಟ್ಟಿ ನಿಂತರೆ ಗುತ್ತಿನ ಮನೆಯ ಯಜಮಾನನೂ ಕೈಮುಗಿಯುತ್ತಾನೆ, ಬೈಗುಳವನ್ನೂ ಕೇಳಿಸಿಕೊಳ್ಳುತ್ತಾನೆ. ಬಣ್ಣ ತೊಳೆದ ಮೇಲೆ ಕಟ್ಟಿದವನ ಜಾಗ ಅಂಗಳದ ಅಂಚಿಗೇ ಮರಳುತ್ತದೆ. ಈ ಒಂದು ರಾತ್ರಿಯ ಗೌರವ ಹಳೆಯ ಏಣಿಶ್ರೇಣಿಯನ್ನು ಗಟ್ಟಿ ಮಾಡುವ ಕೆಲಸವನ್ನೂ ಮಾಡಿದೆ. ಜಾತಿಯೆಂಬುದು ಲೆಫೆವ್ರ್ ಅವರ ಚೌಕಟ್ಟಿನೊಳಗೇ ಇಲ್ಲ.

ಹಾಗಾಗಿ ಅವರ ಹಬ್ಬದ ಸಿದ್ಧಾಂತವನ್ನು ತುಳುನಾಡಿಗೆ ಹಾಗೆಯೇ ತಂದು ಕೂರಿಸಲಾಗದು. ಪ್ರಭುತ್ವದ ಕುರಿತ ಅವರ ವಿಶ್ಲೇಷಣೆಯನ್ನಾದರೋ ಕಾಸರಗೋಡಿನ ಎಡಪಕ್ಷಗಳ ಕಾರ್ಯಕರ್ತರು ಇಂದಿಗೂ ಓದಿ ಚರ್ಚಿಸಬೇಕು.