ಸೂಫಿಗಳ ಸಂಧಾನಮಾರ್ಗ: ಒಂದು ವಿಮರ್ಶೆ

ಸೂಫಿ ಎಂದೊಡನೆ ಶಾಂತಿ, ಸಮನ್ವಯ, ಸೌಹಾರ್ದ ಎಂಬ ಮೂರು ಪದಗಳನ್ನು ಒಟ್ಟಿಗೆ ಉಚ್ಚರಿಸುವುದು ವಾಡಿಕೆಯಾಗಿದೆ. ಸಮಾರಂಭದ ಭಾಷಣಕ್ಕೆ ಅಷ್ಟು ಸಾಕಾಗಬಹುದು, ವಿಚಾರಕ್ಕೆ ಸಾಲದು. ಹಗೆಗಳಾದ ಇಬ್ಬರ ನಡುವೆ ನಿಂತು ರಾಜಿ ಮಾಡಿಸುವುದು ಒಂದು ಕಾರ್ಯ. ಹಗೆತನವೇ ಬೇರೂರದಂತೆ ಮನಸ್ಸನ್ನು ತಿದ್ದಿಕೊಳ್ಳುವುದು ಇನ್ನೊಂದು ಕಾರ್ಯ. ಮೊದಲನೆಯದು ಲೋಕವ್ಯವಹಾರ, ಎರಡನೆಯದು ಆತ್ಮಸಾಧನೆ. ಸೂಫಿಗಳು ಇವೆರಡರಲ್ಲಿ ಯಾವುದನ್ನು ಮಾಡಿದರು, ಯಾವ ಬಲದಿಂದ ಮಾಡಿದರು, ಎಲ್ಲಿ ಸೋತರು ಎಂಬುದನ್ನು ಶೋಧಿಸದೆ ಬರಿಯ ಹೊಗಳಿಕೆಯಲ್ಲಿ ನಿಂತರೆ ಸೂಫಿಗಳಿಗೂ ಗೌರವ ಸಲ್ಲದು, ಶಾಂತಿಗೂ ಪ್ರಯೋಜನವಾಗದು. ಈ ಶೋಧಕ್ಕೆ ಪರಸ್ಪರ ಬಹುದೂರದ ಎರಡು ಗ್ರಂಥಗಳನ್ನು ಎದುರುಬದುರಾಗಿ ಇಟ್ಟು ನೋಡುವುದು ಉಪಯುಕ್ತ. ಒಂದು, 14ನೆಯ ಶತಮಾನದ ದೆಹಲಿಯಲ್ಲಿ ಹುಟ್ಟಿದ 'ಫವಾಇದುಲ್ ಫುವಾದ್'. ಇನ್ನೊಂದು, ಅರ್ನೆಸ್ಟ್ ಗೆಲ್ನರ್ 1969ರಲ್ಲಿ ಪ್ರಕಟಿಸಿದ 'ಸೇಂಟ್ಸ್ ಆಫ್ ದಿ ಅಟ್ಲಾಸ್'.

'ಫವಾಇದುಲ್ ಫುವಾದ್' ಚಿಶ್ತಿ ಪರಂಪರೆಯ ನಿಜಾಮುದ್ದೀನ್ ಔಲಿಯಾ ಅವರ ಸಂಭಾಷಣೆಗಳ ಸಂಗ್ರಹ. ಅವರ ಶಿಷ್ಯನೂ ಕವಿಯೂ ಆದ ಅಮೀರ್ ಹಸನ್ ಸಿಜ್ಜಿ 1308ರಿಂದ 1322ರವರೆಗಿನ ಗೋಷ್ಠಿಗಳ ಮಾತುಗಳನ್ನು ಪಾರಸಿಯಲ್ಲಿ ಬರೆದಿಟ್ಟನು. ಇದು ಶಾಸ್ತ್ರಗ್ರಂಥವಲ್ಲ, ಬಂದವರ ಪ್ರಶ್ನೆ, ಗುರುವಿನ ಉತ್ತರ, ನಡುನಡುವೆ ಪೂರ್ವಸೂರಿಗಳ ಕಥೆಗಳು ಇದರ ಸ್ವರೂಪ. ವೈರವನ್ನು ಕುರಿತು ಇಲ್ಲಿ ಬರುವ ವಿವೇಚನೆ ಸರಳವಾದರೂ ಆಳವಾದುದು. ಮನುಷ್ಯನಲ್ಲಿ 'ನಫ್ಸ್' ಎಂಬುದೊಂದಿದೆ, 'ಕಲ್ಬ್' ಎಂಬುದೊಂದಿದೆ. ನಫ್ಸ್ ಅಹಂಕಾರದ ನೆಲೆ, ಕಲಹದ ಬೀಜ ಅಲ್ಲಿದೆ. ಕಲ್ಬ್ ಹೃದಯದ ನೆಲೆ, ಶಮೆ ಅಲ್ಲಿದೆ. ಎದುರಾಳಿ ನಫ್ಸಿನಿಂದ ಬಂದಾಗ ಇವನೂ ನಫ್ಸಿನಿಂದಲೇ ಉತ್ತರ ಕೊಟ್ಟರೆ ಜಗಳಕ್ಕೆ ಕೊನೆಯಿಲ್ಲ; ಕಲ್ಬಿನಿಂದ ಉತ್ತರ ಕೊಟ್ಟರೆ ಎದುರಿನ ಬೆಂಕಿಗೆ ಉರಿಯಲು ಸೌದೆ ಸಿಗದು. ತಮ್ಮನ್ನು ಸದಾ ನಿಂದಿಸುತ್ತಿದ್ದ ಒಬ್ಬ ನೆರೆಯವನು ಸತ್ತಾಗ ನಿಜಾಮುದ್ದೀನರು ಅವನ ಗೋರಿಗೆ ಹೋಗಿ ಅವನಿಗಾಗಿ ಕ್ಷಮೆಯನ್ನು ಪ್ರಾರ್ಥಿಸಿದ ಪ್ರಸಂಗವೂ ಈ ವಿವೇಚನೆಯ ಜೊತೆಗೇ ಓದಬೇಕಾದುದು. ಉಪದೇಶವನ್ನು ಆಚರಣೆಯ ಒರೆಗಲ್ಲಿಗೆ ಹಚ್ಚಿದಲ್ಲದೆ ಅದರ ಬಣ್ಣ ತಿಳಿಯದು.

ಆದರೆ ಈ ಗ್ರಂಥಕ್ಕೆ ಒಂದು ಮಿತಿಯಿದೆ. ಇಲ್ಲಿ ಹೇಳಿರುವುದೆಲ್ಲ ತನಗೆ ಅನ್ಯಾಯವಾದಾಗ ಸಾಧಕನು ಹೇಗೆ ನಡೆಯಬೇಕೆಂಬುದು. ತನಗೆ ಚುಚ್ಚಿದ ಮುಳ್ಳನ್ನು ತಾನು ಸಹಿಸಬಹುದು. ಒಬ್ಬನು ಇನ್ನೊಬ್ಬನ ಹೊಲದ ದಾರಿಯಲ್ಲಿ ಮುಳ್ಳು ಹಾಕಿದಾಗ ಮೂರನೆಯವನು ಏನು ಮಾಡಬೇಕು? ನೆತ್ತರು ಹರಿದಿದೆ, ದನ ಕಳುವಾಗಿದೆ, ಹುಲ್ಲುಗಾವಲಿನ ಎಲ್ಲೆ ಒತ್ತಿಹೋಗಿದೆ. ಆಗ ಕ್ಷಮೆಯನ್ನು ಬೋಧಿಸಿದರೆ ಸಾಕೆ? ಕ್ಷಮಿಸುವ ಅಧಿಕಾರ ನೊಂದವನದು, ಬೋಧಕನದಲ್ಲ. ಈ ಪ್ರಶ್ನೆಗೆ ಉತ್ತರ ಬೇಕಾದವರು ಎರಡನೆಯ ಗ್ರಂಥಕ್ಕೆ ಬರಬೇಕು.

ಗೆಲ್ನರ್ 1950ರ ದಶಕದಲ್ಲಿ ಮೊರಾಕೋ ದೇಶದ ಅಟ್ಲಾಸ್ ಪರ್ವತಶ್ರೇಣಿಯ ಬೆರ್ಬರ್ ಬುಡಕಟ್ಟುಗಳ ನಡುವೆ ಅಧ್ಯಯನ ನಡೆಸಿದ ಸಮಾಜಶಾಸ್ತ್ರಜ್ಞ. 1930ರ ದಶಕದಲ್ಲಿ ಫ್ರೆಂಚರು ಆ ಬೆಟ್ಟಗಳನ್ನು ಪೂರ್ತಿಯಾಗಿ ಗೆಲ್ಲುವವರೆಗೆ ಅಲ್ಲಿ ಸುಲ್ತಾನನ ಆಜ್ಞೆ ನಡೆಯುತ್ತಿರಲಿಲ್ಲ, ಪೋಲೀಸರಿಲ್ಲ, ನ್ಯಾಯಾಲಯವಿಲ್ಲ. ಆದರೂ ಸಮಾಜ ಉಳಿದಿತ್ತು. ಹೇಗೆ? 'ಇಗುರ್ರಾಮನ್' ಎಂದು ಕರೆಯಲ್ಪಡುವ ಸಂತಕುಲಗಳು ಬುಡಕಟ್ಟುಗಳ ಗಡಿಗಳಲ್ಲಿ ನೆಲೆಸಿದ್ದವು. ಅಹನ್ಸಾಲ್ ಎಂಬಲ್ಲಿಯ ಜಾವಿಯಾ, ಅಂದರೆ ಮಠ, ಇವುಗಳಲ್ಲಿ ಮುಖ್ಯವಾದುದು. ಬೇಸಿಗೆಯಲ್ಲಿ ಮರುಭೂಮಿಯ ಕಡೆಯಿಂದ ಕುರಿಹಿಂಡುಗಳು ಎತ್ತರದ ಹುಲ್ಲುಗಾವಲಿಗೆ ಏರಿ ಬರುವಾಗ ಹಾದಿಗಾಗಿ, ಮೇವಿಗಾಗಿ ಕಲಹ ಸಹಜ. ಅಲ್ಲಿ ಒಪ್ಪಂದಕ್ಕೆ ಸಾಕ್ಷಿಯಾಗಿ, ಜಾಮೀನಾಗಿ ನಿಲ್ಲುತ್ತಿದ್ದವರು ಈ ಸಂತರು. ಬುಡಕಟ್ಟಿನ ಮುಖ್ಯಸ್ಥನ ವಾರ್ಷಿಕ ಆಯ್ಕೆಯೂ ಅವರ ಮುಂದೆಯೇ ನಡೆಯುತ್ತಿತ್ತು. ಆ ಕ್ರಮ ಸ್ವಾರಸ್ಯವಾದುದು: ಈ ವರ್ಷ ಯಾವ ಪಂಗಡದವನು ಮುಖ್ಯಸ್ಥನಾಗಬೇಕೋ ಆ ಪಂಗಡಕ್ಕೆ ಆರಿಸುವ ಹಕ್ಕಿಲ್ಲ, ಉಳಿದ ಪಂಗಡಗಳೇ ಆರಿಸಬೇಕು, ಮುಂದಿನ ವರ್ಷ ಸರದಿ ಬೇರೆಯದು.

ಪ್ರಮಾಣದ ಪದ್ಧತಿ ಇನ್ನೂ ಸ್ವಾರಸ್ಯವಾದುದು. ಆರೋಪಕ್ಕೆ ಗುರಿಯಾದವನು ತನ್ನ ದಾಯಾದಿಗಳೊಂದಿಗೆ ಬಂದು ತಾನು ನಿರಪರಾಧಿಯೆಂದು ಆಣೆ ಮಾಡಬೇಕು. ಅಪರಾಧ ದೊಡ್ಡದಾದಷ್ಟೂ ಜೊತೆಗೆ ಆಣೆ ಮಾಡುವವರ ಸಂಖ್ಯೆ ಹೆಚ್ಚು. ಘೋರವಾದ ಆರೋಪಗಳಿಗೆ ಆಣೆ ನಡೆಯುವುದು ಸಂತನ ಗದ್ದುಗೆಯ ಬಳಿ. ಸುಳ್ಳಾಣೆಗೆ ದೈವದಂಡನೆ ತಪ್ಪದೆಂಬ ಭಯ ಒಂದು ಕಡೆ. ಕೆಟ್ಟು ನಡೆವ ದಾಯಾದಿಯ ಪರವಾಗಿ ಮತ್ತೆ ಮತ್ತೆ ನಿಲ್ಲಬೇಕೆ ಎಂಬ ಬೇಸರ ಇನ್ನೊಂದು ಕಡೆ. ಜೊತೆಯವರಲ್ಲಿ ಒಬ್ಬನು ಹಿಂಜರಿದರೂ ಆರೋಪಿ ಸೋತಂತೆ. ಹೀಗೆ ಸ್ವಂತ ಕುಲವೇ ತನ್ನವನಿಗೆ ಅಂಕುಶವಾಗುತ್ತದೆ; ಹೊರಗಿನವರ ಎದುರು ಮುಖ ಕೆಡದಂತೆ ತಪ್ಪನ್ನು ಒಪ್ಪಿಕೊಳ್ಳುವ ಒಂದು ಬಾಗಿಲೂ ತೆರೆಯುತ್ತದೆ. ಆಯುಧ ಹಿಡಿದವನಿಗೆ ಆಯುಧವಿಲ್ಲದವನ ಮುಂದೆ ತಲೆಬಾಗುವುದು ಅವಮಾನವಲ್ಲ ಎಂಬುದು ಈ ಇಡೀ ಏರ್ಪಾಟಿನ ಗುಟ್ಟು. ಗೆಲ್ನರ್ ಇದನ್ನು ವಿವರಿಸಿರುವ ಬಗೆ ಮೆಚ್ಚತಕ್ಕದ್ದು.

ಮೆಚ್ಚತಕ್ಕದ್ದಾದರೂ ಪೂರ್ತಿಯಾಗಿ ಒಪ್ಪತಕ್ಕದ್ದಲ್ಲ. ಗೆಲ್ನರ್ ಅವರ ದೃಷ್ಟಿಯಲ್ಲಿ ಸಂತನು ಸಂತನಾಗುವುದು ಜನರು ಅವನ ಬಳಿಗೆ ಹೋಗುವುದರಿಂದ. ದೈವವು ಆರಿಸಿತೆಂದು ಜನ ಭಾವಿಸುತ್ತಾರೆ, ನಿಜವಾಗಿ ಆರಿಸಿದವರು ಜನರೇ. ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಒಂದೇ ಸಂತಕುಲದಲ್ಲಿ ಹುಟ್ಟಿದ ಅನೇಕರಲ್ಲಿ ಜನರು ಒಬ್ಬಿಬ್ಬರ ಬಳಿಗೆ ಮಾತ್ರ ಏಕೆ ಹೋಗುತ್ತಾರೆ? ಶಾಂತಸ್ವಭಾವ, ಕೈಹಿಡಿಯದ ಔದಾರ್ಯ, ಕೋಪವಿಲ್ಲದಿರುವಿಕೆ ಇವನ್ನು ಅವರಲ್ಲಿ ಕಾಣುತ್ತಾರೆಂದು ಗೆಲ್ನರ್ ಅವರೇ ಹೇಳುತ್ತಾರೆ. ಹಾಗಾದರೆ ಆ ಗುಣಗಳು ಎಲ್ಲಿಂದ ಬಂದವು? ಗಡಿಯಲ್ಲಿ ಮನೆ ಕಟ್ಟಿದ ಮಾತ್ರಕ್ಕೆ ಅವು ಬಾರವು. 'ಫವಾಇದ್' ಯಾವ ಸಾಧನೆಯನ್ನು ವರ್ಣಿಸುತ್ತದೆಯೋ ಅದಕ್ಕೆ ಗೆಲ್ನರ್ ಅವರ ನಕ್ಷೆಯಲ್ಲಿ ಸ್ಥಳವಿಲ್ಲ.

ಎರಡನೆಯ ದೋಷ ಇತಿಹಾಸಕ್ಕೆ ಸಂಬಂಧಿಸಿದ್ದು. ಮೊರಾಕೋದವರೇ ಆದ ಅಬ್ದುಲ್ಲಾ ಹಮ್ಮೂದಿ 1974ರಲ್ಲಿ ಬರೆದ ಪ್ರಬಂಧದಲ್ಲಿ, ಅಹನ್ಸಾಲಿನ ಸಂತರು ಎಲ್ಲ ಕಾಲದಲ್ಲಿಯೂ ಶಸ್ತ್ರತ್ಯಾಗಿಗಳಾಗಿರಲಿಲ್ಲ, ಸಂದರ್ಭ ಬಂದಾಗ ಯುದ್ಧದಲ್ಲಿಯೂ ಅಧಿಕಾರದಲ್ಲಿಯೂ ಪಾಲುಗೊಂಡಿದ್ದರು ಎಂದು ತೋರಿಸಿದರು. ಈ ಆಕ್ಷೇಪಣೆಯಿಂದ ಗೆಲ್ನರ್ ಅವರ ವಾದ ಸುಳ್ಳಾಗುವುದಿಲ್ಲ. ಅದರ ವ್ಯಾಪ್ತಿ ಕಿರಿದಾಗುತ್ತದೆ. ಸಂತನ ತಟಸ್ಥತೆ ಹುಟ್ಟಿನಿಂದ ಬಂದ ಆಸ್ತಿಯಲ್ಲ, ದಿನದಿನವೂ ಕಾಯ್ದುಕೊಳ್ಳಬೇಕಾದ ವ್ರತ. ಕಾಯ್ದುಕೊಳ್ಳದಿದ್ದರೆ ಅವನೂ ಒಂದು ಪಕ್ಷವಾಗುತ್ತಾನೆ.

ಈ ಮಾತಿಗೆ ಕನ್ನಡನಾಡಿನಲ್ಲಿಯೇ ಒಂದು ನಿದರ್ಶನವುಂಟು. ನಿಜಾಮುದ್ದೀನರ ಉತ್ತರಾಧಿಕಾರಿ ನಸೀರುದ್ದೀನ್ ಚಿರಾಗ್ ದೆಹಲಿಯವರ ಶಿಷ್ಯರಾದ ಬಂದೇನವಾಜ್ ಗೇಸೂದರಾಜ್ 1400ರ ಸುಮಾರಿಗೆ ಕಲಬುರಗಿಗೆ ಬಂದರು. ಬಹಮನಿ ಸುಲ್ತಾನ ಫಿರೋಜ್ ಷಾಹನು ಮೊದಲು ಆದರದಿಂದ ಬರಮಾಡಿಕೊಂಡನು. ಕ್ರಮೇಣ ಮನಸ್ಸುಗಳು ದೂರವಾದವು. ಸುಲ್ತಾನನು ತನ್ನ ಮಗ ಹಸನ್ ಖಾನನಿಗೆ ಉತ್ತರಾಧಿಕಾರದ ಆಶೀರ್ವಾದವನ್ನು ಬೇಡಿದಾಗ ಸಂತರು ಒಪ್ಪಲಿಲ್ಲವೆಂದೂ, ಸುಲ್ತಾನನ ತಮ್ಮ ಅಹಮದನಿಗೇ ರಾಜ್ಯಯೋಗವಿದೆಯೆಂದು ನುಡಿದರೆಂದೂ ಫೆರಿಷ್ತಾ ಬರೆಯುತ್ತಾನೆ. 1422ರಲ್ಲಿ ಅಣ್ಣತಮ್ಮಂದಿರ ಪಕ್ಷಗಳು ಕಾದಾಡಿ ಅಹಮದನು ಪಟ್ಟವೇರಿದನು. ಅದೇ ವರ್ಷ ಬಂದೇನವಾಜರು ತೀರಿಕೊಂಡರು. ಅವರ ಮನೆತನಕ್ಕೆ ಹೊಸ ಸುಲ್ತಾನನಿಂದ ಭೂದಾನಗಳು ದೊರೆತವು. ಬಂದೇನವಾಜರ ವಿದ್ವತ್ತು, ಭಕ್ತಿ, ಜನವಾತ್ಸಲ್ಯ ಪ್ರಶ್ನಾತೀತ. ಆದರೆ ಅಣ್ಣತಮ್ಮಂದಿರ ನಡುವೆ ಸಂಧಾನ ಮಾಡಬಲ್ಲ ಯೋಗ್ಯತೆ ಯಾರಿಗಿತ್ತೋ ಅವರೇ ಒಬ್ಬನ ಪರವೆಂದು ಜನ ತಿಳಿದ ಮೇಲೆ ಇನ್ನೊಬ್ಬನಿಗೆ ಹೋಗಲು ಬೇರೆ ಬಾಗಿಲಿರಲಿಲ್ಲ. ಇದು ವ್ಯಕ್ತಿದೋಷವೆನ್ನುವುದಕ್ಕಿಂತ ಸಿಂಹಾಸನದ ಸಾಮೀಪ್ಯದ ದೋಷವೆನ್ನಬೇಕು. ನಿಜಾಮುದ್ದೀನರು ಸುಲ್ತಾನರ ಆಸ್ಥಾನದಿಂದ ದೂರ ಉಳಿದುದು ಕೇವಲ ವೈರಾಗ್ಯವಾಗಿರಲಿಲ್ಲ, ವಿವೇಕವೂ ಆಗಿತ್ತು.

ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ಬಿಜಾಪುರದ ಸೂಫಿಗಳ ಅಧ್ಯಯನವೂ ಇದೇ ಎಚ್ಚರವನ್ನು ಹೇಳುತ್ತದೆ. ಸೂಫಿಗಳೆಲ್ಲ ಒಂದೇ ಅಚ್ಚಿನವರಲ್ಲ. ಕವಿಗಳು, ಸುಧಾರಕರು, ಇನಾಮು ಭೂಮಿಗಳ ಒಡೆಯರು, ಲೋಕದ ಕಟ್ಟನ್ನೇ ಒಲ್ಲದ ದರ್ವೇಶಿಗಳು ಎಂದು ಅವರಲ್ಲಿ ಬಗೆಗಳಿವೆ. ಆದಿಯ ಕೆಲವರು ಯೋಧರಾಗಿದ್ದರೆಂಬ ಈಟನ್ ಅವರ ಮಾತಿಗೆ ಮಾತ್ರ, ಅದು ಬಹುಕಾಲಾನಂತರದ ಕಥೆಗಳನ್ನು ನೆಚ್ಚಿದುದೆಂದು ಕಾರ್ಲ್ ಅರ್ನ್ಸ್ಟ್ 1992ರ ಗ್ರಂಥದಲ್ಲಿ ಆಕ್ಷೇಪವೆತ್ತಿದರು. ಆ ಆಕ್ಷೇಪ ಸಾಧುವಾದುದು. ಆದರೆ ಇನಾಮು ಪಡೆದ ಮನೆತನಗಳ ವಿಷಯದಲ್ಲಿ ಈಟನ್ ಹೇಳಿದುದು ನಿಲ್ಲುತ್ತದೆ: ಭೂಮಿ ಕೊಟ್ಟವನ ಹಿತವೇ ಪಡೆದವನ ಹಿತವಾಗುತ್ತದೆ.

ಕೊನೆಗೆ ಬೀದರದ ಬಳಿಯ ಅಷ್ಟೂರನ್ನು ನೆನೆಯಬೇಕು. ಅಲ್ಲಿ ಅಹಮದ್ ಷಾಹನ ಗೋರಿಯಿದೆ. ಜನರ ಬಾಯಲ್ಲಿ ಅವನು 'ವಲಿ', ಸಂತ; ಅವನನ್ನು ಅಲ್ಲಮಪ್ರಭುವಿನ ಅವತಾರವೆಂದು ನಂಬುವ ವೀರಶೈವ ಭಕ್ತರೂ ಇದ್ದಾರೆ. ಅವನ ಉರುಸಿಗೆ ಜಂಗಮರು ಪರಿವಾರದೊಡನೆ ಬರುವ ಸಂಪ್ರದಾಯ ಪ್ರಸಿದ್ಧವಾದುದು. ಈ ದೃಶ್ಯವನ್ನು ಸೌಹಾರ್ದದ ಸಾಕ್ಷಿಯೆಂದು ಕೊಂಡಾಡುವವರು, ಅಣ್ಣನನ್ನು ಕಾದಿ ಗೆದ್ದು ಪಟ್ಟವೇರಿ, ಬಳಿಕ ವಿಜಯನಗರದ ಮೇಲೆ ದಂಡೆತ್ತಿ ಹೋದ ಸುಲ್ತಾನನೂ ಇವನೇ ಎಂಬುದನ್ನು ಮರೆಯಬಾರದು. ಹಾಗೆಂದು ಜನರ ನಂಬಿಕೆ ಪೊಳ್ಳೆಂದೂ ಹೇಳಬಾರದು. ಅರಸನ ಯುದ್ಧಗಳನ್ನು ಮರೆತು ಅವನ ಗೋರಿಯನ್ನು ಎರಡು ಮತಗಳವರು ಕೂಡುವ ತಾಣವಾಗಿ ಮಾಡಿದವರು ಜನರು. ಅದು ಅವರ ಸಾಧನೆ, ಅರಸನದಲ್ಲ. ಆದರೆ ಜೊತೆಯಾಗಿ ಕಾಯಿ ಒಡೆಯುವುದರಿಂದ ಎಲ್ಲೆಯ ಜಗಳ ತೀರದು. ಅದನ್ನು ತೀರಿಸಲು ಅಟ್ಲಾಸಿನ ಆ ಪ್ರಮಾಣಪದ್ಧತಿಯಂಥ ಒಂದು ಕಟ್ಟು ಬೇಕು, ಕಟ್ಟನ್ನು ನಡೆಸಲು ನಿಜಾಮುದ್ದೀನರು ಹೇಳಿದ ಕಲ್ಬಿನ ಮನುಷ್ಯ ಬೇಕು, ಅವನ ಕೈಯಲ್ಲಿ ಆಯುಧವೂ ಇನಾಮಿನ ಸನದೂ ಇರಕೂಡದು. ಈ ಮೂರೂ ಒಂದೆಡೆ ಕೂಡಿದುದು ವಿರಳ. ಕೂಡಿದಲ್ಲಿ ಮಾತ್ರ ಸೂಫಿಯ ಸಂಧಾನ ಫಲಿಸಿದೆ. ಈ ಮಾತು ಸೂಫಿಗಳಿಗೆ ಎಷ್ಟು ಅನ್ವಯಿಸುತ್ತದೆಯೋ ಧರ್ಮದ ಹೆಸರಿನಲ್ಲಿ ಪೀಠವೇರಿದ ಎಲ್ಲರಿಗೂ ಅಷ್ಟೇ ಅನ್ವಯಿಸುತ್ತದೆ.